ನಂಬುವುದು ಬೇರೆ, ನಡಕೊಳ್ಳುವುದು ಬೇರೆ: ಪದವಿ ತರಗತಿಯಲ್ಲಿ ಮನಶ್ಶಾಸ್ತ್ರ ಮತ್ತು ಧರ್ಮಾಧ್ಯಯನ

(ಧಾರವಾಡದಲ್ಲಿ ಪಿಯುಸಿ ಮುಗಿಸಿದ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿಯ ಎದುರು ಪ್ರಶ್ನಾವಳಿ ಹಿಡಿದು ಕೂತು, ‘ಅಮ್ಮಾ, ನೀವು ದೇವರನ್ನ ನಂಬತೀರೇನ್ರಿ?’ ಎಂದು ಕೇಳಿ ನೋಡಿ. ಆಕೆ ನಿಮ್ಮ ಮುಖವನ್ನೇ ನೋಡುತ್ತಾಳೆ. ‘ಇದೆಂಥಾ ಪ್ರಶ್ನಿ ತಮ್ಮಾ, ನಂಬದ ಇರಾಕ ಆಕ್ಕೈತೇನು?’ ಅಷ್ಟಕ್ಕೆ ಮಾತು ಮುಗಿಯಿತು. ನಿಮ್ಮ ಹಾಳೆಯಲ್ಲಿ ‘ಹೌದು’ ಎಂಬ ಕಡೆ ಒಂದು ಗೆರೆ ಬಿತ್ತು, ಅಷ್ಟೇ. ಇನ್ನು ಅದೇ ಅಜ್ಜಿಗೆ ‘ಯಾವ ದೇವರಿಗೆ ನಡಕೋತೀರಿ?’ ಎಂದು ಕೇಳಿ. ಮನೆದೇವರು ಸವದತ್ತಿ ಎಲ್ಲಮ್ಮ, ಸೋಮವಾರ ಸಿದ್ಧಾರೂಢ ಅಜ್ಜಾರ ಮಠ, ಸಣ್ಣ ಮಗನ ಸಲುವಾಗಿ ದರ್ಗಾಕ್ಕೆ ಬೇಡಿಕೊಂಡದ್ದು, ವರ್ಷಕ್ಕೊಮ್ಮೆ ಸಕ್ಕರೆ ಓದಿಸುವುದು, ಶನಿವಾರ ಹನುಮಪ್ಪನ ಗುಡಿ, ಎಲ್ಲ ಬಿಚ್ಚಿಕೊಳ್ಳುತ್ತದೆ. ಗಿರಾಕಿ ಬಂದು ನಿಂತರೂ ಮಾತು ನಿಲ್ಲುವುದಿಲ್ಲ.

ಮೊದಲ ಪ್ರಶ್ನೆಯಲ್ಲಿ ಏನು ತಪ್ಪಿತ್ತು? ವ್ಯಾಕರಣದ ತಪ್ಪಲ್ಲ. ‘ನಂಬುವುದು’ ಎಂಬುದನ್ನು ಧರ್ಮದ ನಡುಗಂಬ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಕೇಳಿದ ಪ್ರಶ್ನೆ ಅದು. ಈ ಊರಿನ ಮಾತಿನಲ್ಲಿ ನಡುಗಂಬ ‘ನಡಕೊಳ್ಳುವುದು’, ಅಂದರೆ ಒಂದು ದೇವರಿಗೆ ಪೂಜೆ, ಹರಕೆ ಮಾಡಿಕೊಂಡು ಬರುವುದು. ಆ ವ್ಯತ್ಯಾಸವನ್ನು ಹಿಡಿಯುವುದನ್ನು ಧರ್ಮಾಧ್ಯಯನ ಕಲಿಸುತ್ತದೆ. ಹಿಡಿದ ಮೇಲೆ ಅದನ್ನು ಅಳೆಯುವುದು ಹೇಗೆ, ಅಳತೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮನಶ್ಶಾಸ್ತ್ರ ಕಲಿಸುತ್ತದೆ. ಪದವಿಯಲ್ಲಿ ಎರಡನ್ನೂ ಜೊತೆಗೆ ಓದಿದರೆ ಏನು ದಕ್ಕುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಪ್ರಶ್ನೆ ಕೇಳಲು ಬರುತ್ತದೆ. ಈಗ ಹೇಳುವುದೆಲ್ಲ ಇದರ ವಿವರ.

ಮೊದಲು ಮನಶ್ಶಾಸ್ತ್ರ. ಇದನ್ನು ತೆಗೆದುಕೊಳ್ಳುವ ಹುಡುಗರಲ್ಲಿ ಹೆಚ್ಚಿನವರು ‘ಎದುರಿನವರ ಮನಸ್ಸು ಓದುವುದು’ ಕಲಿಸುತ್ತಾರೆ ಎಂದುಕೊಂಡು ಬರುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಎದುರಾಗುವುದು ಗೆರೆ ಎಳೆದ ಒಂದು ಹಲಗೆ. ಮ್ಯುಲ್ಲರ್-ಲಯರ್ ಭ್ರಮೆ, 1889ರಷ್ಟು ಹಳೆಯದು. ಎರಡು ಗೆರೆ, ಒಂದರ ತುದಿಗಳಲ್ಲಿ ಬಾಣದ ಹಾಗೆ ರೆಕ್ಕೆ ಒಳಗೆ ಮಡಚಿರುತ್ತದೆ, ಇನ್ನೊಂದರಲ್ಲಿ ಹೊರಗೆ ಚಾಚಿರುತ್ತದೆ. ಎರಡೂ ಒಂದೇ ಉದ್ದ ಇದ್ದರೂ ರೆಕ್ಕೆ ಹೊರಗೆ ಚಾಚಿದ ಗೆರೆ ಉದ್ದ ಕಾಣುತ್ತದೆ. ಹಲಗೆಯಲ್ಲಿ ಒಂದು ಭಾಗ ಸರಿಯುತ್ತದೆ, ಹಿಂಬದಿಗೆ ಮಿಲಿಮೀಟರ್ ಅಳತೆ ಇರುತ್ತದೆ. ಎರಡೂ ಸಮ ಕಾಣುವವರೆಗೆ ಸರಿಸುವುದು, ಹಿಂದಿನ ಅಳತೆ ಬರೆದುಕೊಳ್ಳುವುದು. ಕೇಳಲು ಮಕ್ಕಳಾಟ. ಆದರೆ 40 ಸಲ ಮಾಡಬೇಕು: 20 ಸಲ ಸರಿಯುವ ಗೆರೆ ಬಲಕ್ಕೆ, 20 ಸಲ ಎಡಕ್ಕೆ. ಪ್ರತಿ ಇಪ್ಪತ್ತರಲ್ಲೂ ಅರ್ಧ ಸಲ ಉದ್ದದಿಂದ ಒಳಗೆ ತರುವುದು, ಅರ್ಧ ಸಲ ಗಿಡ್ಡದಿಂದ ಹೊರಗೆ ಎಳೆಯುವುದು. ಅದೂ ಸಾಲಾಗಿ ಅಲ್ಲ. ಒಳಗೆ, ಹೊರಗೆ, ಹೊರಗೆ, ಒಳಗೆ ಎಂಬ ಕ್ರಮದಲ್ಲಿ. ಯಾಕೆ? ಸಾಲಾಗಿ ಮಾಡಿದರೆ ಕೊನೆಯ ಹತ್ತಕ್ಕೆ ಬರುವ ಹೊತ್ತಿಗೆ ಕೂತವನಿಗೆ ಬೇಸರವೂ ಬಂದಿರುತ್ತದೆ, ಅಭ್ಯಾಸವೂ ಆಗಿರುತ್ತದೆ. ಆಗ ಸಿಕ್ಕ ವ್ಯತ್ಯಾಸ ದಿಕ್ಕಿನದೋ ಬೇಸರದ್ದೋ ಹೇಳಲು ಬರುವುದಿಲ್ಲ.

ಇಲ್ಲಿ ಕೆಡುವುದು ಎಲ್ಲಿ ಎಂದರೆ, ಪ್ರತಿ ಸಲವೂ ಒಂದೇ ಜಾಗದಿಂದ ಸರಿಸಲು ಶುರು ಮಾಡುವುದು. ಕೂತವನು ಗೆರೆ ನೋಡುವುದನ್ನು ಬಿಟ್ಟು ‘ಒಂದು, ಎರಡು, ಮೂರು, ಸಾಕು’ ಎಂದು ಮನಸ್ಸಿನಲ್ಲಿ ಎಣಿಸತೊಡಗುತ್ತಾನೆ. ಶುರುವಿನ ಜಾಗ ಪ್ರತಿ ಸಲ ಹೆಚ್ಚುಕಡಿಮೆ ಆಗಬೇಕು. ಎರಡನೆಯದು, ‘ಎರಡೂ ಸಮ ಇರತಾವ, ಆದರ ಹಂಗ ಕಾಣೂದಿಲ್ಲ ನೋಡು’ ಎಂದು ಗೆಳೆಯನಿಗೆ ಮೊದಲೇ ಹೇಳಿಬಿಡುವುದು. ಮೂರನೆಯದನ್ನು ಹೇಳಲೇಬೇಕು: 15 ಸಲ ಮಾಡಿ ಉಳಿದ 25 ಅಂಕಿಗಳನ್ನು ಹಾಸ್ಟೆಲ್ಲಿನಲ್ಲಿ ಕೂತು ಜರ್ನಲ್ಲಿಗೆ, ಅಂದರೆ ಪ್ರಯೋಗದ ದಾಖಲೆ ಪುಸ್ತಕಕ್ಕೆ, ತುಂಬುವುದು. ಇದು ಪರೀಕ್ಷಕರಿಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಮನುಷ್ಯನ ಕಣ್ಣು ಕೊಡುವ ಅಂಕಿಗಳು ಅಡ್ಡಾದಿಡ್ಡಿ ಇರುತ್ತವೆ. ನಡುವೆ ಒಂದೆರಡು ಎಲ್ಲೋ ಹಾರಿರುತ್ತವೆ. ಹಾಸ್ಟೆಲ್ಲಿನ ಅಂಕಿಗಳು ಮಾತ್ರ ಬಲು ಸಂಭಾವಿತ, ಎಲ್ಲ ಸರಾಸರಿಯ ಅಕ್ಕಪಕ್ಕವೇ ಕೂತಿರುತ್ತವೆ. ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ತೆಗೆದ ಕೂಡಲೇ ಬಣ್ಣ ಬಯಲಾಗುತ್ತದೆ.

ಸಣ್ಣದೊಂದು ಅಡ್ಡಮಾತು. ಕನ್ನಡ ನಾಡಿನಲ್ಲಿ ಈ ವಿಷಯಕ್ಕೆ ನೂರು ವರ್ಷ ದಾಟಿದೆ. ಕಲ್ಕತ್ತಾದಲ್ಲಿ 1916ಕ್ಕೆ ಮನಶ್ಶಾಸ್ತ್ರ ವಿಭಾಗ ಶುರುವಾದರೆ, ಮೈಸೂರಿನಲ್ಲಿ 1924ಕ್ಕೆ. ಮೈಸೂರಿನದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಕೈಕೆಳಗೆ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದವರೂ ಅವರೇ, ‘ಆಕಾಶವಾಣಿ’ ಎಂಬ ಹೆಸರು ಬಂದದ್ದೂ ಆ ನಿಲಯದಿಂದಲೇ. ಸಂಖ್ಯಾಶಾಸ್ತ್ರದ ಪೇಪರಿನಲ್ಲಿ ನಿಮಗೆ ತಲೆನೋವಾಗುವ ಶ್ರೇಣಿ ಸಹಸಂಬಂಧದ (ಎರಡು ಪಟ್ಟಿಗಳ ಕ್ರಮ ಎಷ್ಟು ಹೊಂದುತ್ತದೆ ಎಂದು ನೋಡುವ) ಸೂತ್ರ ಇದೆಯಲ್ಲ, ಅದು ಆ ಸ್ಪಿಯರ್‌ಮನ್ನರದೇ. ಲೆಕ್ಕ ಬಿಟ್ಟು ಓಡಿ ಬಂದು ಮನಶ್ಶಾಸ್ತ್ರ ಹಿಡಿಯುವವರಿಗೆ ಇಲ್ಲೂ ಲೆಕ್ಕ ಕಾದಿರುತ್ತದೆ.

ಈಗ ಧರ್ಮಾಧ್ಯಯನ. ಪಾಲಕರು ಕೇಳುವ ಮೊದಲ ಮಾತು: ‘ಕಾಲೇಜಿನ್ಯಾಗ ಧರ್ಮ ಕಲಸ್ತಾರೇನ್ರಿ? ಕಾನೂನಿನ್ಯಾಗ ಬರ್ತೈತೇನು?’ ಸಂವಿಧಾನದ 28ನೇ ವಿಧಿ ಹೇಳುವುದು ಇಷ್ಟು: ಪೂರ್ತಿ ಸರ್ಕಾರದ ಹಣದಿಂದಲೇ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಬೋಧನೆ ಬೇರೆ, ಅಧ್ಯಯನ ಬೇರೆ. ಪಂಜಾಬಿನ ಡಿಎವಿ ಕಾಲೇಜಿನ ಪ್ರಕರಣದಲ್ಲಿ, 1971ರಲ್ಲಿ, ಗುರುನಾನಕರ ಬದುಕು ಮತ್ತು ಉಪದೇಶದ ಬಗ್ಗೆ ವಿಶ್ವವಿದ್ಯಾಲಯ ಅಧ್ಯಯನ, ಸಂಶೋಧನೆ ಮಾಡಿಸಿದರೆ ಅದು ಧಾರ್ಮಿಕ ಬೋಧನೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಶಾಲಾ ಪಠ್ಯಕ್ರಮದ ಬಗೆಗಿನ 2002ರ ಅರುಣಾ ರಾಯ್ ಪ್ರಕರಣದಲ್ಲೂ ಇದೇ ಗೆರೆ ಉಳಿಯಿತು. ಅಮೆರಿಕದಲ್ಲಿ ಈ ಗೆರೆ 1963ರಲ್ಲೇ ಬಿದ್ದಿತ್ತು, ಅಬಿಂಗ್ಟನ್ ಶಾಲಾ ಮಂಡಳಿಯ ಪ್ರಕರಣದಲ್ಲಿ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಧರ್ಮಾಧ್ಯಯನ ವಿಭಾಗಗಳು ಸಾಲುಗಟ್ಟಿ ಎದ್ದದ್ದು ಆ ಮೇಲೆ.

ನಮ್ಮಲ್ಲಿ ಆ ಹೆಸರಿನ ಬೋರ್ಡು ಹುಡುಕಿದರೆ ಸಿಗುವುದು ಅಪರೂಪ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಿಂದ ಇದೆ. ಇಲ್ಲಿ ಅದು ಬೇರೆ ಬೇರೆ ಮನೆಗಳಲ್ಲಿ ಹಂಚಿಹೋಗಿದೆ. ತತ್ವಶಾಸ್ತ್ರದಲ್ಲಿ ತೌಲನಿಕ ಧರ್ಮ, ಸಮಾಜಶಾಸ್ತ್ರದಲ್ಲಿ ಧರ್ಮದ ಸಮಾಜಶಾಸ್ತ್ರ, ಕನ್ನಡದಲ್ಲಿ ವಚನ ಮತ್ತು ತತ್ವಪದ, ಇತಿಹಾಸದಲ್ಲಿ ಬಸದಿ, ದೇವಾಲಯ, ಶಾಸನ. ಹಾಗಾಗಿ ಬಿಎ ಸೇರುವಾಗ ಮನಶ್ಶಾಸ್ತ್ರದ ಜೊತೆ ಇವುಗಳಲ್ಲಿ ಯಾವುದು ಸಿಗುತ್ತದೆ ಎಂದು ನೋಡಿ. ಹೆಸರು ನೋಡಿ ಆರಿಸಬೇಡಿ, ಪಠ್ಯಕ್ರಮದ ಹಾಳೆ ತರಿಸಿ ಓದಿ. ಈ ಭಾಗದಲ್ಲಿ ಓದಿಗೆ ಬೇಕಾದ ಸರಕಿಗಂತೂ ಬರ ಇಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಗದಗಿನಲ್ಲಿ ತ್ರಿಕೂಟೇಶ್ವರ ಮತ್ತು ತೋಂಟದಾರ್ಯ ಮಠ, ಶಿಗ್ಗಾವಿ ತಾಲೂಕಿನಲ್ಲಿ ಕನಕದಾಸರ ಬಾಡ, ಅದೇ ತಾಲೂಕಿನಲ್ಲಿ ಗೋವಿಂದ ಭಟ್ಟರ ಶಿಷ್ಯ ಶರೀಫರ ಶಿಶುನಾಳ, ಧಾರವಾಡದಲ್ಲಿ ಬಾಸೆಲ್ ಮಿಶನ್ನಿನವರ ಶಾಲೆ. ಒಂದು ಬಸ್ ಪಾಸಿನಲ್ಲಿ ನಾಲ್ಕು ಧರ್ಮದ ಇತಿಹಾಸ ಮುಗಿಸಬಹುದು.

ಈ ವಿಷಯದಲ್ಲಿ ಹೇಗೆ ನೋಡಬೇಕು ಎಂಬುದಕ್ಕೆ ನಿನಿಯನ್ ಸ್ಮಾರ್ಟ್ ಎಂಬವರ ಒಂದು ಚೌಕಟ್ಟು ಬಹಳ ಬಳಕೆಯಲ್ಲಿದೆ. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಧರ್ಮಾಧ್ಯಯನ ವಿಭಾಗ ಕಟ್ಟಿದವರು ಅವರು. ಯಾವ ಧರ್ಮವನ್ನಾದರೂ ಏಳು ಕಡೆಯಿಂದ ನೋಡಿ ಎಂದರು: ಆಚರಣೆ, ಕಥೆ, ಅನುಭವ, ತತ್ವ, ನೀತಿ, ಸಂಘಟನೆ, ಮತ್ತು ಕಣ್ಣಿಗೆ ಕಾಣುವ ವಸ್ತು. ಹುಬ್ಬಳ್ಳಿಯ ಸಿದ್ಧಾರೂಢ ಮಠವನ್ನು ಈ ಏಳರಲ್ಲಿ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಅದ್ವೈತದ ಬಗ್ಗೆ ನಾಲ್ಕು ಪುಟ ತುಂಬುತ್ತಾರೆ, ಶಿವರಾತ್ರಿ ತೇರಿನ ಬಗ್ಗೆ ಒಂದು ಪುಟ. ಪ್ರಸಾದ ನಿಲಯದಲ್ಲಿ ಬಡಿಸುವವರು ಯಾರು, ಅಕ್ಕಿ ಬೇಳೆ ಎಲ್ಲಿಂದ ಬರುತ್ತದೆ, ಟ್ರಸ್ಟ್ ಹೇಗೆ ನಡೆಯುತ್ತದೆ, ಗದ್ದುಗೆಯ ಮುಂದೆ ಜನ ಎಲ್ಲಿ ನಿಲ್ಲುತ್ತಾರೆ, ಹೊರಬರುವಾಗ ಏನನ್ನು ಮುಟ್ಟಿ ಬರುತ್ತಾರೆ, ಇವೆಲ್ಲ ಖಾಲಿ. ತತ್ವ ಪುಸ್ತಕದಲ್ಲಿ ಸಿಗುತ್ತದೆ, ಉಳಿದದ್ದಕ್ಕೆ ಮಠಕ್ಕೆ ಹೋಗಿ ಮೂರು ತಾಸು ನಿಲ್ಲಬೇಕು. ಅಂಕ ಹೋಗುವುದು ಅಲ್ಲೇ.

ಇನ್ನೊಂದು ಕಡೆಯೂ ಅಂಕ ಹೋಗುತ್ತದೆ, ಅದು ಭಾಷೆಯಲ್ಲಿ. ಒಬ್ಬ ‘ಅಜ್ಜಾರು ಪವಾಡ ಮಾಡಿದರು’ ಎಂದು ಬರೆಯುತ್ತಾನೆ. ಇನ್ನೊಬ್ಬ ‘ಇದು ಮೂಢನಂಬಿಕೆ’ ಎಂದು ಬರೆಯುತ್ತಾನೆ. ಇಬ್ಬರದೂ ಧರ್ಮಾಧ್ಯಯನದ ಉತ್ತರ ಅಲ್ಲ. ಈ ಕಥೆಯನ್ನು ಯಾರು, ಯಾವಾಗ, ಯಾರಿಗೆ ಹೇಳುತ್ತಾರೆ? ಹೇಳುವಾಗ ಯಾವ ಭಾಗ ಬೆಳೆಯುತ್ತದೆ, ಯಾವ ಭಾಗ ಬಿಟ್ಟುಹೋಗುತ್ತದೆ? ಪವಾಡ ನಡೆಯಿತೋ ಇಲ್ಲವೋ ಎಂಬುದನ್ನು ಸದ್ಯಕ್ಕೆ ಕಂಸದೊಳಗೆ ಇಟ್ಟು ಉಳಿದದ್ದನ್ನು ನೋಡುವುದು ಈ ಓದಿನ ಶಿಸ್ತು. ಮನೆಗೆ ಹೋಗಿ ಕಂಸ ಬಿಚ್ಚಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆಸ್ತಿಕ ವಿದ್ಯಾರ್ಥಿಗೂ ನಾಸ್ತಿಕ ವಿದ್ಯಾರ್ಥಿಗೂ ಇದು ಒಂದೇ ಸಮ ಕಷ್ಟ. ನಾನು ಕಂಡಂತೆ ನಾಸ್ತಿಕರಿಗೆ ಒಂದು ತೂಕ ಹೆಚ್ಚು ಕಷ್ಟ.

ಎರಡೂ ವಿಷಯ ಕೂಡುವ ಜಾಗಕ್ಕೆ ಬರೋಣ. ಇಲ್ಲಿ ಎಲ್ಲರೂ ಮೊದಲು ಓದುವುದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರನ್ನು. ಎಡಿನ್‌ಬರೋದಲ್ಲಿ ಅವರು ಕೊಟ್ಟ ಉಪನ್ಯಾಸಗಳು 1902ರಲ್ಲಿ ಪುಸ್ತಕವಾಗಿ ಬಂದವು. ಅನುಭಾವಕ್ಕೆ ಅವರು ನಾಲ್ಕು ಗುರುತು ಹೇಳಿದರು: ಮಾತಿಗೆ ಸಿಗದಿರುವುದು, ಏನೋ ತಿಳಿದಂತಾಗುವುದು, ಬಹಳ ಹೊತ್ತು ನಿಲ್ಲದಿರುವುದು, ತಾನಾಗಿ ಬಂದಂತಿರುವುದು. ವಚನ ಓದಿದ ಕನ್ನಡದ ಹುಡುಗಿ ಇಲ್ಲಿ ಕೈ ಎತ್ತಿ ಕೇಳಬೇಕಾದ ಪ್ರಶ್ನೆ ಒಂದಿದೆ. ಜೇಮ್ಸ್ ನೋಡಿದ್ದು ಒಬ್ಬಂಟಿಯ ಅನುಭವವನ್ನು. ಅನುಭವ ಮಂಟಪದಲ್ಲಿ ಕೂಡಿ ಮಾತಾಡಿದವರದು, ಭಜನೆಯಲ್ಲಿ ಕೂಡಿ ಹಾಡುವವರದು ಈ ನಾಲ್ಕರಲ್ಲಿ ಎಲ್ಲಿ ಕೂರುತ್ತದೆ?

ಆ ಮೇಲೆ ಆಲ್‌ಪೋರ್ಟ್, ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ. 1967ರಲ್ಲಿ ರಾಸ್ ಜೊತೆ ಸೇರಿ ಒಂದು ಮಾಪನ ಕೊಟ್ಟರು. ಧರ್ಮವನ್ನು ಬದುಕುವವರು, ಧರ್ಮವನ್ನು ಬಳಸುವವರು, ಈ ಎರಡು ಒಲವುಗಳನ್ನು ಅಂಕಿಯಲ್ಲಿ ಬಿಡಿಸುವ ಯತ್ನ. ಇದನ್ನು ಪರೀಕ್ಷೆಗೆ ಹಚ್ಚಿದ ಒಂದು ಪ್ರಯೋಗ ನಿಮಗೆ ಗೊತ್ತಿರಬೇಕು. 1973ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿ ಓದು ಓದುವ 40 ಯುವಕರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ಅರ್ಧ ಜನ ಹೋಗಿ ಮಾತಾಡಬೇಕಾದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಬೈಬಲ್ ಕಥೆ. ಇನ್ನರ್ಧ ಜನರದು ನೌಕರಿ ಬಗ್ಗೆ. ಕೆಲವರಿಗೆ ತಡವಾಗಿದೆ ಓಡು ಎಂದರು, ಕೆಲವರಿಗೆ ಸರಿಯಾಗಿ ಹೊತ್ತಿದೆ ಎಂದರು, ಕೆಲವರಿಗೆ ಇನ್ನೂ ಹೊತ್ತಿದೆ ಎಂದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತ ಕುಸಿದು ಕೂತಿದ್ದ. ಗಡಿಬಿಡಿ ಇಲ್ಲದವರಲ್ಲಿ ನೂರಕ್ಕೆ 63 ಜನ ನೆರವಾದರು, ನಡುವಿನವರಲ್ಲಿ 45, ಗಡಿಬಿಡಿಯವರಲ್ಲಿ 10. ಸಮಾರ್ಯದವನ ಕಥೆಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಹೊರಟದ್ದರಿಂದ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಆಗಲಿಲ್ಲ. ನಿಲ್ಲುತ್ತಾರೋ ಇಲ್ಲವೋ ಎಂಬುದನ್ನು ಧರ್ಮದ ಒಲವಿನ ಅಂಕಗಳೂ ಹೇಳಲಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ಬಾಗಿಲು ಮುಚ್ಚುವಾಗ ಓಡುವವರನ್ನು ನೋಡಿದವರಿಗೆ ಇದು ಆಶ್ಚರ್ಯ ಅನಿಸಲಿಕ್ಕಿಲ್ಲ. ಆದರೆ ಜರ್ನಲ್ಲಿನಲ್ಲಿ ‘ಧರ್ಮದಿಂದ ಉಪಯೋಗವಿಲ್ಲ ಎಂದು ಸಾಬೀತಾಯಿತು’ ಎಂದು ಬರೆಯಬೇಡಿ. 40 ಜನ, ಒಂದೇ ಊರು, ಎಲ್ಲರೂ ಧರ್ಮದ ಓದಿಗೇ ಬಂದವರು. ಧರ್ಮ ಇರುವವರನ್ನೂ ಇಲ್ಲದವರನ್ನೂ ಇಲ್ಲಿ ಹೋಲಿಸಿಯೇ ಇಲ್ಲ.

ಈಗ ಅಜ್ಜಿಯ ಕಡೆ ಮರಳೋಣ. ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಕಾಲೇಜಿನ ಕಿರು ಸಂಶೋಧನೆಗಳಲ್ಲಿ ಹೆಚ್ಚು ಕೆಡುವುದು ಇಲ್ಲೇ.

ಡ್ಯೂಕ್ ವಿಶ್ವವಿದ್ಯಾಲಯದ ಧಾರ್ಮಿಕತೆ ಸೂಚಿ ಎಂದು ಒಂದಿದೆ. ಐದೇ ಪ್ರಶ್ನೆ. ಚಿಕ್ಕದು ಎಂಬ ಕಾರಣಕ್ಕೇ ವಿದ್ಯಾರ್ಥಿಗಳು ಇದಕ್ಕೆ ಮುಗಿಬೀಳುತ್ತಾರೆ. ಚರ್ಚು ಅಥವಾ ಬೇರೆ ಧಾರ್ಮಿಕ ಸಭೆಗೆ ಎಷ್ಟು ಸಲ ಹೋಗುತ್ತೀರಿ, ಒಬ್ಬರೇ ಕೂತು ಪ್ರಾರ್ಥನೆ ಅಥವಾ ಧ್ಯಾನ ಎಷ್ಟು ಸಲ ಮಾಡುತ್ತೀರಿ, ಈ ಎರಡಕ್ಕೆ 1ರಿಂದ 6 ಅಂಕ. ದೈವೀ ಸಾನ್ನಿಧ್ಯದ ಅನುಭವ, ನಂಬಿಕೆಯೇ ಬದುಕಿಗೆ ಆಧಾರವೋ ಎಂಬುದು, ಧರ್ಮವನ್ನು ಉಳಿದ ವ್ಯವಹಾರಗಳಿಗೂ ಒಯ್ಯುವುದು, ಈ ಮೂರಕ್ಕೆ 1ರಿಂದ 5. ಒಟ್ಟು 5ರಿಂದ 27. ಇದನ್ನು ಕನ್ನಡಕ್ಕೆ ತರಲು ಪುಸ್ತಕ ಹೇಳುವ ದಾರಿ: ಇಬ್ಬರು ಬೇರೆ ಬೇರೆ ಕೂತು ಅನುವಾದ ಮಾಡುವುದು, ಎರಡನ್ನೂ ಇಟ್ಟು ಒಂದು ಮಾಡುವುದು, ಮೂಲ ನೋಡದ ಮೂರನೆಯವರು ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸುವುದು, ಮೂಲದ ಜೊತೆ ಹೋಲಿಸುವುದು. ಇದನ್ನು ಮರುಅನುವಾದ ಅನ್ನುತ್ತೇವೆ. ಇದರ ಕ್ರಮವನ್ನು 1970ರಲ್ಲಿ ಬ್ರಿಸ್ಲಿನ್ ಬರೆದಿಟ್ಟದ್ದು, ಈಗಲೂ ನಡೆಯುತ್ತಿದೆ.

ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಾಸಾದ ಪ್ರಶ್ನೆ ಪೇಟೆಯಲ್ಲಿ ಫೇಲಾಗುತ್ತದೆ. ಕೊನೆಯ ಪ್ರಶ್ನೆ ನೋಡಿ. ‘ನನ್ನ ಧರ್ಮವನ್ನು ಬದುಕಿನ ಎಲ್ಲ ವ್ಯವಹಾರಗಳಲ್ಲೂ ಪಾಲಿಸಲು ಪ್ರಯತ್ನಿಸುತ್ತೇನೆ.’ ಮರುಅನುವಾದ ಮಾಡುವವರು ‘ಧರ್ಮ’ ಕಂಡಲ್ಲಿ ಕಣ್ಣು ಮುಚ್ಚಿ ‘ರಿಲಿಜನ್’ ಎಂದು ಬರೆಯುತ್ತಾರೆ. ಮೂಲಕ್ಕೆ ಅಚ್ಚುಕಟ್ಟಾಗಿ ಹೊಂದಿತು, ಎಲ್ಲರಿಗೂ ಸಮಾಧಾನ. ಆದರೆ ಅಡತಿ ಅಂಗಡಿಯ ಸಾಹುಕಾರರಿಗೆ ಅದು ಕೇಳಿಸುವುದು ‘ತಕ್ಕಡಿ ಸರಿ ಹಿಡೀತೀರೇನು?’ ಎಂದು. ‘ಹೌದ್ರಿ, ನಾವು ಧರ್ಮದ್ಲೇ ವ್ಯವಹಾರ ಮಾಡವ್ರು’ ಎನ್ನುತ್ತಾರೆ, 5ಕ್ಕೆ 5. ನೀವು ಅಳೆದದ್ದು ಧಾರ್ಮಿಕತೆಯನ್ನಲ್ಲ, ತಾನು ಪ್ರಾಮಾಣಿಕ ಎಂದು ಹೇಳಿಕೊಳ್ಳುವ ಆಸೆಯನ್ನು. ಬಸ್ ಸ್ಟ್ಯಾಂಡಿನಲ್ಲಿ ‘ಧರ್ಮಾ ಮಾಡ್ರಿ’ ಎಂದು ಕೈ ಚಾಚುವವರ ಬಾಯಲ್ಲಿ ಅದೇ ಶಬ್ದ ದಾನ. ‘ನಿಮ್ಮ ಧರ್ಮ ಯಾವುದು?’ ಎಂದರೆ ಜಾತಿ ಹೇಳುವವರು ಉಂಟು.

ಮೂರನೆಯ ಪ್ರಶ್ನೆ ಇನ್ನೂ ಚೆನ್ನಾಗಿದೆ. ‘ದೈವದ ಸಾನ್ನಿಧ್ಯ’ ಎಂದು ಹಾಕಿದರೆ ಕಾಗದದ ಮೇಲೆ ಚಂದ ಕಾಣುತ್ತದೆ. ಹಾವೇರಿ ಕಡೆಯ ಹಳ್ಳಿಯಲ್ಲಿ ‘ದೈವ ಇದ್ಧಂಗ ಆಕ್ಕೈತಿ’ ಎಂದರೆ ಹಣೆಬರಹ. ‘ದೈವ ಕೂಡೇತಿ’ ಎಂದರೆ ಊರ ಜನ ಸೇರಿದ್ದಾರೆ. ‘ದೈವದವರು’ ಎಂದರೆ ಊರ ಹಿರಿಯರು. ‘ನಿಮ್ಮ ಬದುಕಿನಲ್ಲಿ ದೈವ ಇರುವುದು ನಿಮಗೆ ಗೊತ್ತಾಗುತ್ತದೆಯೇ?’ ಎಂದರೆ, ಊರು ನಿಮ್ಮ ಜೊತೆ ಇದೆಯೇ ಎಂದು ಕೇಳಿದ ಹಾಗೆ.

ಪರಿಹಾರ ಕಷ್ಟದ್ದಲ್ಲ, ಹೊತ್ತು ಹಿಡಿಯುತ್ತದೆ. ಅನುವಾದ ಮುಗಿದ ಮೇಲೆ, ಅಂಕಿ ಕೂಡಿಸುವ ಮೊದಲು, ಹತ್ತು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಪ್ರಶ್ನೆ ಓದಿ, ಉತ್ತರ ಕೇಳಬೇಡಿ. ‘ಇದರಾಗ ನಿಮಗ ಏನ ಕೇಳೀವಿ ಅಂತ ತಿಳೀತು, ನಿಮ್ಮ ಮಾತಿನ್ಯಾಗ ಹೇಳ್ರಿ’ ಎನ್ನಿ. ಹತ್ತರಲ್ಲಿ ಮೂವರು ಬೇರೆ ಏನೋ ಹೇಳಿದರೆ ಆ ಪ್ರಶ್ನೆ ಮತ್ತೆ ಬರೆಯಬೇಕು. ಉತ್ತರದ ಪಟ್ಟಿಯೂ ಹಾಗೆಯೇ. ‘ವಾರಕ್ಕೊಮ್ಮೆ, ತಿಂಗಳಿಗೆ ಕೆಲವು ಸಲ’ ಎಂಬುದು ಭಾನುವಾರದ ಚರ್ಚಿನ ಲೆಕ್ಕ. ಇಲ್ಲಿ ಅಮಾಸಿ, ಹುಣ್ಣಿಮೆ, ಶ್ರಾವಣ ಸೋಮವಾರ, ಜಾತ್ರೆ. ಬೆಳಿಗ್ಗೆ ಹಾಲು ತರುವಾಗ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ಹೋಗುವುದು ‘ಹೋದದ್ದು’ ಆಯಿತೋ ಇಲ್ಲವೋ? ಮೊದಲೇ ತೀರ್ಮಾನಿಸಿ, ಎಲ್ಲ ಸಂದರ್ಶಕರಿಗೂ ಒಂದೇ ಲಿಖಿತ ಸೂಚನೆ ಕೊಡಿ. ಇಲ್ಲದಿದ್ದರೆ ಒಬ್ಬ ಹುಡುಗ ಅದನ್ನು ದಿನಾ ಎಂದು ಬರೆಯುತ್ತಾನೆ, ಇನ್ನೊಬ್ಬ ಅಪರೂಪ ಎಂದು.

‘ನಡಕೊಳ್ಳುವುದು’ ಸೇರಿಸಿ ಪ್ರಶ್ನೆ ಬದಲಿಸಿದಿರಿ ಎನ್ನಿ. ಒಳ್ಳೆಯದೇ. ಆದರೆ ಆಮೇಲೆ ಅದು ಡ್ಯೂಕ್ ಸೂಚಿ ಅಲ್ಲ. ಬೇರೆ ದೇಶದ ಅಂಕಗಳ ಜೊತೆ ಹೋಲಿಸುವ ಹಕ್ಕು ಹೋಯಿತು. ವಿಶ್ವಾಸಾರ್ಹತೆಯನ್ನು, ಅಂದರೆ ಅಳತೆ ಪ್ರತಿ ಸಲ ಒಂದೇ ಥರ ನಿಲ್ಲುತ್ತದೆ ಎಂಬುದನ್ನು, ಹೊಸದಾಗಿ ತೋರಿಸಬೇಕು. ಯಾವುದು ಬೇಕು ಎಂಬುದು ನಿಮ್ಮ ಪ್ರಶ್ನೆಯನ್ನು ಅವಲಂಬಿಸಿದೆ. ಇನ್ನು 60 ಜನರ ಮೇಲೆ ಮಾಡಿ, ಧಾರ್ಮಿಕತೆಗೂ ಪರೀಕ್ಷೆಯ ಆತಂಕಕ್ಕೂ 0.2 ಸಹಸಂಬಂಧ ಬಂತು ಎಂದು ಖುಷಿಪಡಬೇಡಿ. 60 ಜನಕ್ಕೆ ಅದು ಸುಮಾರು 0.25 ದಾಟದೆ ಶೇಕಡಾ 5ರ ಮಟ್ಟದಲ್ಲಿ ಲೆಕ್ಕಕ್ಕಿಲ್ಲ, ಅಂದರೆ ಬರೀ ಆಕಸ್ಮಿಕವೂ ಆಗಿರಬಹುದು. ಒಪ್ಪಿಗೆ ಪತ್ರದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ವರ್ಷದ ಸಹಪಾಠಿಗಳಲ್ಲಿ ಹಲವರಿಗೆ 18 ತುಂಬಿರುವುದಿಲ್ಲ, ಅವರಿಗೆ ಪಾಲಕರ ಸಹಿಯೂ ಬೇಕು. ಸಹಿ ಆಮೇಲೆ ಮಾಡಿಸೋಣ ಎಂದು ಬಿಟ್ಟ ದತ್ತಾಂಶವನ್ನು ಬಳಸುವಂತಿಲ್ಲ.

ಮೈದಾನದ ಕೆಲಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮಾಲತೇಶನ ಕಾರ್ಣಿಕ, ಅಂದರೆ ದೇವರ ಹೆಸರಿನ ಭವಿಷ್ಯದ ನುಡಿ, ಆಗುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿಯುತ್ತಾನೆ. ಮಾತು ಒಗಟಿನ ಹಾಗೆ ಇರುತ್ತದೆ. ರೈತರು ಮಳೆ ಬೆಳೆ ಎನ್ನುತ್ತಾರೆ, ವ್ಯಾಪಾರಿಗಳು ದರ ಎನ್ನುತ್ತಾರೆ, ಟಿವಿಯವರು ಸರ್ಕಾರ ಎನ್ನುತ್ತಾರೆ. ಮನಶ್ಶಾಸ್ತ್ರದವರಿಗೆ ಕೂಡಲೇ ನೆನಪಾಗುವುದು ಫೋರರ್ 1948ರಲ್ಲಿ ಮಾಡಿದ ಪ್ರಯೋಗ. 39 ವಿದ್ಯಾರ್ಥಿಗಳಿಗೆ ‘ಇದು ನಿನ್ನದೇ ಸ್ವಭಾವ’ ಎಂದು ಎಲ್ಲರಿಗೂ ಒಂದೇ ಬರಹ ಕೊಟ್ಟರು. ಎಷ್ಟು ಸರಿ ಎಂದು ಕೇಳಿದರೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಸರಿ, ಆದರೆ ಅಲ್ಲಿಗೇ ನಿಂತರೆ ಅರ್ಧ ಪಾಠ. ಧರ್ಮಾಧ್ಯಯನ ಕೇಳುವ ಪ್ರಶ್ನೆ ಬೇರೆ: ಅರ್ಥ ಹೇಳುವ ಹಕ್ಕು ಯಾರಿಗಿದೆ? ಸಾವಿರಾರು ಜನ ಒಂದು ಮಾತಿಗಾಗಿ ಉಸಿರು ಬಿಗಿಹಿಡಿದು ನಿಲ್ಲುವುದೇ ಒಂದು ಆಚರಣೆಯಲ್ಲವೇ? ಒಗಟು ಬಿಡಿಸಿ ಒಂದೇ ಅರ್ಥ ಆಗಿಬಿಟ್ಟಿದ್ದರೆ ಊರಿಗೆ ಊರೇ ಅದರ ಬಗ್ಗೆ ವರ್ಷವಿಡೀ ಮಾತಾಡುತ್ತಿತ್ತೇ?

ಇದನ್ನು ಕೆಲಸವಾಗಿ ಮಾಡುವುದು ಹೀಗೆ. ಕಾರ್ಣಿಕ ಆದ ಒಂದು ತಾಸಿನೊಳಗೆ 50 ಜನರನ್ನು ಕೇಳಿ: ‘ಇದರ ಅರ್ಥ ಏನ್ರಿ?’ ಅವರ ಕಸುಬು ಬರೆದುಕೊಳ್ಳಿ, ಮಾತನ್ನು ಅವರದೇ ಶಬ್ದಗಳಲ್ಲಿ ಬರೆಯಿರಿ, ತಾರೀಖು ಹಾಕಿ ಲಕೋಟೆಗೆ ಹಾಕಿ ಅಂಟಿಸಿ. ತಡವಾದರೆ ಟಿವಿ ಹೇಳಿದ ಅರ್ಥವೇ ಎಲ್ಲರ ಬಾಯಲ್ಲೂ ಬರುತ್ತದೆ, ಅದಕ್ಕೇ ಒಂದು ತಾಸು. ಯುಗಾದಿ ಕಳೆದ ಮೇಲೆ ಅವರಲ್ಲಿ ಸಿಕ್ಕಷ್ಟು ಜನರನ್ನು ‘ಆವಾಗ ನೀವು ಏನಂದಿದ್ರಿ?’ ಎಂದು ಕೇಳಿ, ಲಕೋಟೆ ಬಿಚ್ಚಿ ಹೋಲಿಸಿ. ನಡೆದದ್ದಕ್ಕೆ ತಕ್ಕಂತೆ ನೆನಪು ಸರಿದಿರುವುದು ಕಂಡರೆ, ಅದು ಫಿಶ್‌ಹಾಫ್ 1975ರಲ್ಲಿ ತೋರಿಸಿದ ಹಿನ್ನೋಟದ ಪಕ್ಷಪಾತ.

ಉತ್ತರಗಳನ್ನು ‘ಮಳೆ-ಬೆಳೆ’, ‘ಇತರೆ’ ಎಂದು ಇಬ್ಬರು ಬೇರೆ ಬೇರೆ ಕೂತು ವಿಂಗಡಿಸಬೇಕು. 50ರಲ್ಲಿ 40 ಕಡೆ ಇಬ್ಬರದೂ ಒಂದೇ ಬಂತು ಎನ್ನಿ, ಶೇಕಡಾ 80. ಕೇಳಲು ಭರ್ಜರಿ. ಆದರೆ ಇರುವುದು ಎರಡೇ ಗುಂಪು, ಇಬ್ಬರೂ ಕಣ್ಣುಮುಚ್ಚಿ ಹಾಕಿದರೂ ಅರ್ಧದಷ್ಟು ಹೊಂದುತ್ತಿತ್ತು. ಆ ಅರ್ಧವನ್ನು ಕಳೆದು ನೋಡುವುದಕ್ಕೆ ಕೋಹೆನ್ನರ ಕಪ್ಪಾ ಎನ್ನುತ್ತಾರೆ. 0.80ರಲ್ಲಿ 0.50 ಕಳೆದರೆ 0.30, ಅದನ್ನು 0.50ರಿಂದ ಭಾಗಿಸಿದರೆ 0.60. ಪರವಾಗಿಲ್ಲ ಎನ್ನಬಹುದು, ಭರ್ಜರಿ ಅಲ್ಲ. ಹೊಂದದ ಹತ್ತು ಉತ್ತರಗಳನ್ನು ಬಿಸಾಡಬೇಡಿ. ‘ಬೆಳಿ ಬರ್ತೈತಿ, ರಾಜ ಉಳೀತಾನ’ ಎಂಬಂಥ, ಎರಡೂ ಕಡೆ ಕಾಲಿಟ್ಟ ಉತ್ತರಗಳು ಇರುವುದು ಅಲ್ಲೇ.

ಪಾಲಕರ ಮುಖದಲ್ಲಿ ಇನ್ನೊಂದು ಪ್ರಶ್ನೆ ಕಾಣುತ್ತಿದೆ. ಮೈಮೇಲೆ ದೇವರು ಬರುವುದು ರೋಗವೋ ಏನು? ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ, ಅಂದರೆ ಐಸಿಡಿ-11ರಲ್ಲಿ, ಆವೇಶಕ್ಕೆ ಸಂಬಂಧಿಸಿದ ಕಾಯಿಲೆ ಎಂದು ಒಂದಿದೆ. ಆದರೆ ಆ ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಬರುವ ಆವೇಶವನ್ನು ಹಾಗೆ ಕರೆಯುವಂತಿಲ್ಲ ಎಂದು ಅಲ್ಲೇ ಬರೆದಿದೆ. ಜಾತ್ರೆಯಲ್ಲಿ ಬಂದು, ಭಂಡಾರ ಹಚ್ಚಿದ ಮೇಲೆ ಇಳಿದು, ಮರುದಿನ ಹೊಲಕ್ಕೆ ಹೋಗುವುದು ಒಂದು. ಕರೆಯದೆ ಬರುವುದು, ಬೇಡವೆಂದರೂ ಬರುವುದು, ಊಟ ನಿದ್ದೆ ಕೆಲಸ ಕೆಡಿಸುವುದು ಇನ್ನೊಂದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ, ಸಮುದಾಯದ ಧಾರ್ಮಿಕ ನಂಬಿಕೆಗೆ ಒಬ್ಬ ಹೊಂದಿಕೊಳ್ಳುವುದಿಲ್ಲ ಎಂಬುದನ್ನೇ ಹಿಡಿದು ಅವನಿಗೆ ಮಾನಸಿಕ ಕಾಯಿಲೆ ಎಂದು ತೀರ್ಮಾನಿಸಕೂಡದು ಎನ್ನುತ್ತದೆ. ಅದೇ ಕಾಯ್ದೆ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನೂ ನಿಷೇಧಿಸಿದೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ದರ್ಗಾದ ಹತ್ತಿರದ ಒಂದು ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಜನ ಓಡಲಾಗದೆ ಸತ್ತರು.

ಇದರ ಪಕ್ಕದಲ್ಲೇ ಇಟ್ಟು ಓದಬೇಕಾದ ಅಧ್ಯಯನ ಇನ್ನೊಂದಿದೆ. 2002ರಲ್ಲಿ ನಿಮ್ಹಾನ್ಸ್‌ನ ರಘುರಾಂ ಮತ್ತು ಅವರ ಜೊತೆಗಾರರು ತಮಿಳುನಾಡಿನದೇ ಒಂದು ಗುಡಿಯಲ್ಲಿ ಬಂದು ಉಳಿದ 31 ಮಾನಸಿಕ ರೋಗಿಗಳ ಲಕ್ಷಣಗಳನ್ನು ಬಂದಾಗಲೂ ಹೋಗುವಾಗಲೂ ಅಳೆದರು. ಲಕ್ಷಣಗಳ ಅಂಕ ಸುಮಾರು ಶೇಕಡಾ 20ರಷ್ಟು ಇಳಿದಿತ್ತು. ವಿಶೇಷ ಪೂಜೆ, ಮಾಟ ಬಿಡಿಸುವುದು ಏನೂ ಇರಲಿಲ್ಲ. ಗುಡಿಯ ದಿನಚರಿ, ಸಣ್ಣಪುಟ್ಟ ಕೆಲಸ, ಬೈಯದ ಜನ. ಹಾಗಾದರೆ ಗುಡಿ ಗುಣಪಡಿಸುತ್ತದೆಯೇ? ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, 31 ಜನ ಕಡಿಮೆ, ತಾನಾಗಿಯೇ ಎಷ್ಟು ಇಳಿಯುತ್ತಿತ್ತು ಎಂಬುದು ತಿಳಿಯದು. ಹಾಗಂತ ಕಸದ ಬುಟ್ಟಿಗೆ ಹಾಕುವಂಥದ್ದೂ ಅಲ್ಲ. ಈ ಎರಡೂ ವಾಕ್ಯವನ್ನು ಒಂದೇ ಉತ್ತರದಲ್ಲಿ ಬರೆಯಬಲ್ಲ ವಿದ್ಯಾರ್ಥಿಗೆ ನಾನು ಕಣ್ಣುಮುಚ್ಚಿ ಅಂಕ ಕೊಡುತ್ತೇನೆ.

ನೌಕರಿಯ ಮಾತನ್ನು ಬೇಗ ಮುಗಿಸುತ್ತೇನೆ. ಬಿಎ ಮನಶ್ಶಾಸ್ತ್ರ ಮುಗಿಸಿದರೆ ಬೋರ್ಡು ಹಾಕಿಕೊಂಡು ಚಿಕಿತ್ಸೆಗೆ ಕೂರುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಕೋರ್ಸ್ ಮತ್ತು ಅಲ್ಲಿನ ನೋಂದಣಿ ಬೇಕು. ಆ ಕೋರ್ಸುಗಳ ಸ್ವರೂಪ ಈಗ ಬದಲಾಗುತ್ತಿದೆ. ಪರಿಷತ್ತಿನ ಪಟ್ಟಿಯಲ್ಲಿ ಕಾಲೇಜಿನ ಹೆಸರನ್ನೂ ವರ್ಷವನ್ನೂ ನೋಡದೆ ಫೀ ಕಟ್ಟಬೇಡಿ. ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರಕ್ಕೆ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಯುಜಿಸಿ ತಡೆ ಹಾಕಿದೆ, ಏಜೆಂಟರ ಮಾತು ಕೇಳಬೇಡಿ. ಪದವಿಯ ಅವಧಿ ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ದಾರಿ ಹಿಡಿದು 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಹಾಗಾಗಿ ಅಣ್ಣನ, ಅಕ್ಕನ ಪಠ್ಯಕ್ರಮ ಹಿಡಿದು ವಿಷಯ ಆರಿಸಬೇಡಿ.

ಕಾಲೇಜು ಶುರುವಾಗಲು ಇನ್ನೂ ಕೆಲವು ವಾರ ಇದೆ. ಅಷ್ಟರೊಳಗೆ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಓಣಿಯಲ್ಲಿ 20 ಜನರ ಹೆಸರು ಚೀಟಿಯಲ್ಲಿ ಬರೆದು, ಡಬ್ಬಿಯಲ್ಲಿ ಹಾಕಿ, ಕುಲುಕಿ, ಹತ್ತು ಚೀಟಿ ಎತ್ತಿ. ಎತ್ತಿದ ಹತ್ತು ಜನಕ್ಕೆ ‘ದೇವರನ್ನ ನಂಬತೀರೇನ್ರಿ?’ ಎಂದು ಕೇಳಿ, ಉಳಿದ ಹತ್ತಕ್ಕೆ ‘ಯಾವ ದೇವರಿಗೆ ನಡಕೋತೀರಿ?’ ಎಂದು. ಒಬ್ಬರಿಗೆ ಒಂದೇ ಪ್ರಶ್ನೆ. ನಿಮಗೆ ಬೇಕಾದವರಿಗೆ ಬೇಕಾದ ಪ್ರಶ್ನೆ ಕೇಳುವ ಆಸೆ ಬರುತ್ತದೆ, ಅದಕ್ಕೇ ಚೀಟಿ. ಉತ್ತರ ಎಷ್ಟು ಶಬ್ದ ಬಂತು ಎಂದು ಎಣಿಸಿ, ಆಡಿದ ಮಾತನ್ನು ಗ್ರಾಂಥಿಕ ಮಾಡದೆ ಹಾಗೇ ಬರೆದಿಡಿ. ಸೇರುವ ದಿನ ಆ ನೋಟ್‌ಬುಕ್ ತನ್ನಿ, ಮೊದಲ ಪ್ರಾಕ್ಟಿಕಲ್ಲಿಗೆ ಅದೇ ಸಾಕು.